ಹಂಚಿದ ಫಲ, ಬಚ್ಚಿಟ್ಟ ಬೀಜ

ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮಿತ್ರರೊಬ್ಬರು ಮೊನ್ನೆ ಕಾಫಿಯ ಹೊತ್ತಿನಲ್ಲಿ ಆಡಿದ ಮಾತೊಂದು ನನ್ನ ನೆಮ್ಮದಿಯನ್ನು ಕೆಡಿಸಿದೆ. ಜೀವಕೋಶದೊಳಗೆ ಯಾವ ವಸ್ತು ಎಷ್ಟು ವೇಗದಲ್ಲಿ ಯಾವುದಾಗಿ ಮಾರ್ಪಡುತ್ತದೆಂಬುದನ್ನು ಸಮೀಕರಣಗಳಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ನಡೆಸಿ ನೋಡುವ ಶಾಸ್ತ್ರವೊಂದಿದೆ. ಸಿಸ್ಟಮ್ಸ್ ಬಯಾಲಜಿ ಎಂದು ಅದರ ಹೆಸರು. ವಿದ್ವತ್ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಅಂಥ 455 ಗಣಿತಮಾದರಿಗಳನ್ನು ಮತ್ತೆ ಕಟ್ಟಿ ನೋಡಿದ ಪರಿಶೀಲನೆಯೊಂದು 2021ರಲ್ಲಿ ಪ್ರಕಟವಾಯಿತು. ಲೇಖನದಲ್ಲಿ ಕೊಟ್ಟದ್ದನ್ನಷ್ಟೇ ನಂಬಿ ಹೊರಟಾಗ, ಹೆಚ್ಚುಕಡಿಮೆ ಅರ್ಧದಷ್ಟು ಮಾದರಿಗಳು ಲೇಖಕರು ತೋರಿಸಿದ್ದ ಫಲವನ್ನು ಕೊಡಲಿಲ್ಲ. ತಿದ್ದಿ, ಲೇಖಕರನ್ನೇ ಕೇಳಿ ನೋಡಿದ ಮೇಲೂ ಮೂರರಲ್ಲೊಂದಕ್ಕಿಂತ ಹೆಚ್ಚು ಮಾದರಿಗಳು ಹಾಗೆಯೇ ಉಳಿದವು.

ಅವೆಲ್ಲ ಸುಳ್ಳೆಂದು ತಿಳಿಯಬಾರದು. ಎಷ್ಟೋ ಕಡೆ ಒಂದು ವೇಗದ ಅಂಕಿಯೋ, ಆರಂಭದ ಪ್ರಮಾಣವೋ ಬಿಟ್ಟುಹೋಗಿತ್ತು, ಅಷ್ಟೆ. ಆದರೆ ಅಷ್ಟು ಬಿಟ್ಟುಹೋದರೂ ಸಾಕು, ಇನ್ನೊಬ್ಬನ ಲೆಕ್ಕ ಮುಂದೆ ಸಾಗದು.

ಈ ತೊಡಕನ್ನು ಮೊದಲೇ ಕಂಡವರು ಸುಮ್ಮನೆ ಕುಳಿತಿರಲಿಲ್ಲ. ಬೇರೆ ಬೇರೆ ತಂತ್ರಾಂಶಗಳು ಒಂದೇ ಮಾದರಿಯನ್ನು ಓದಬಲ್ಲಂತೆ ಎಸ್‌ಬಿಎಂಎಲ್ ಎಂಬ ಸಮಾನ ಭಾಷೆಯನ್ನು ರೂಪಿಸಿ, 2003ರಲ್ಲಿ ಅದರ ವಿವರವನ್ನು ಲೋಕದ ಮುಂದಿಟ್ಟರು. 2005ರಲ್ಲಿ ಬಯೋಮಾಡೆಲ್ಸ್ ಎಂಬ ಭಂಡಾರ ತೆರೆಯಿತು. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಹಿಂಕ್ಸ್‌ಟನ್ನಿನಲ್ಲಿ ಅದರ ನೆಲೆ. ಅಲ್ಲಿನ ಪರಿಶೋಧಕರು ಮಾದರಿಯನ್ನು ನಡೆಸಿ, ಲೇಖನದಲ್ಲಿನ ಫಲದೊಡನೆ ತಾಳೆ ನೋಡಿ, ಟಿಪ್ಪಣಿ ಬರೆದು ಇಡುತ್ತಾರೆ. ಯಾರು ಬೇಕಾದರೂ ಬೆಲೆ ಕೊಡದೆ ಒಯ್ಯಬಹುದು. ಮೇಲೆ ಹೇಳಿದ ಪರಿಶೀಲನೆಯೂ ಅವರದೇ. ಕೀರ್ತಿಯೇನೋ ಮಾದರಿ ಕಟ್ಟಿದವನಿಗೆ. ತಾಳೆ ನೋಡಿದವನ ಹೆಸರು ಯಾರಿಗೆ ಗೊತ್ತು?

ಇಲ್ಲಿ ನನ್ನ ಕಥೆಯನ್ನೂ ಹೇಳಬೇಕು. ಹದಿನೈದು ವರ್ಷದ ಹಿಂದೆ ಹಳಗನ್ನಡ ಕಾವ್ಯವೊಂದರ ಪಾಠಾಂತರಗಳನ್ನು ಕುರಿತು ಲೇಖನ ಬರೆದಿದ್ದೆ. ವಿದ್ಯಾರ್ಥಿಯೊಬ್ಬ ಬಂದು, "ಈ ಪಾಠ ಯಾವ ಓಲೆಪ್ರತಿಯದು, ಸಾರ್? ಟಿಪ್ಪಣಿಗಳನ್ನು ಒಮ್ಮೆ ನೋಡಬಹುದೆ?" ಎಂದ. "ಪುಸ್ತಕ ಬರಲಪ್ಪ, ಆಮೇಲೆ ನೋಡುವೆಯಂತೆ" ಎಂದೆ. ಪುಸ್ತಕ ಬರಲಿಲ್ಲ. ಅವನೂ ಮತ್ತೆ ಬರಲಿಲ್ಲ.

ನನಗಿದ್ದ ಭಯ ಸುಳ್ಳಲ್ಲ. ನಾಲ್ಕು ವರ್ಷ ಕಣ್ಣು ಸವೆಸಿ ಕೂಡಿಟ್ಟದ್ದನ್ನು ಇನ್ನೊಬ್ಬರು ನಾಲ್ಕು ದಿನದಲ್ಲಿ ಬಳಸಿ ಹೆಸರು ಪಡೆದರೆ? ಪ್ರಯೋಗಶಾಲೆಯ ತರುಣನಿಗೂ ಇದೇ ಅಳುಕು. ಅವನಿಗಾದರೋ ನೌಕರಿಯೇ ಆ ಹೆಸರನ್ನು ನಂಬಿಕೊಂಡಿದೆ. "ಹಂಚಿಕೊಳ್ಳಿ" ಎಂದು ಅವನಿಗೆ ಉಪದೇಶ ಮಾಡುವುದು ಸುಲಭ. ಕೊಟ್ಟವನ ಋಣವನ್ನು ಬರೆದಿಡುವ, ಕಾಯುವವನಿಗೆ ಸಂಬಳ ಕೊಡುವ ಏರ್ಪಾಡಿಲ್ಲದೆ ಮಾಡುವ ಆ ಉಪದೇಶ ಅನ್ಯಾಯವೇ ಸರಿ.

ಆದರೂ ಒಂದು ಮಾತು ಉಳಿಯುತ್ತದೆ. "ಇದು ಹೀಗಿದೆ" ಎಂದು ಅಚ್ಚಿನಲ್ಲಿ ಸಾರಿದ ಮೇಲೆ, ಅದನ್ನು ಒರೆಗೆ ಹಚ್ಚುವ ಸಾಧನವನ್ನೂ ಕೊಡುವುದು ದಾನವಲ್ಲ. ಆಡಿದ ಮಾತಿನ ಉಳಿದರ್ಧ. ಅಂಥ ಭಂಡಾರ ಇದ್ದರೆ ಆ ಅರ್ಧವನ್ನು ಸಲ್ಲಿಸುವುದು ಸುಲಭವಾದೀತು. ಇಲ್ಲದಿದ್ದರೂ ಅದರ ಹೊಣೆ ನಮ್ಮ ಮೇಲಿಂದ ಇಳಿಯದು.

ಮಿತ್ರರು ಹೋದ ಮೇಲೆ ಅಟ್ಟದಿಂದ ಆ ಪೆಟ್ಟಿಗೆಯನ್ನು ಇಳಿಸಿದೆ. ಚೀಟಿಗಳೆಲ್ಲ ಇದ್ದವು, ಅಕ್ಷರವೂ ನನ್ನದೇ. ಆದರೆ 'ಕ', 'ಚ2' ಎಂದು ಪ್ರತಿಗಳಿಗೆ ನಾನೇ ಇಟ್ಟಿದ್ದ ಸಂಕೇತಗಳಲ್ಲಿ ಯಾವುದು ಯಾವುದರದೆಂದು ನನಗೇ ತಿಳಿಯಲಿಲ್ಲ. ಅಂದು ಆ ಹುಡುಗನಿಗೆ ಕೊಟ್ಟಿದ್ದರೆ, ಇಂದು ಅವನನ್ನಾದರೂ ಕೇಳಬಹುದಿತ್ತು.