ಹೂವಿನ ಬಣ್ಣವೂ ಮನದ ಮೈಲಿಗೆಯೂ

ಶಿವಪೂಜೆಗೆ ಪತ್ರೆ-ಪುಷ್ಪಗಳು ಬೇಕೆಂಬುದನ್ನು ಅರಿಯದ ಭಕ್ತರಿಲ್ಲ. ಎಂತಹ ಹೂವು ಅರ್ಪಣಕ್ಕೆ ಯೋಗ್ಯ, ಎಂತಹುದು ಅಯೋಗ್ಯ ಎಂದು ಯಾರಾದರೂ ಕೇಳಿದರೆ ನಾವು ಕೂಡಲೇ ಉತ್ತರ ಹೇಳಿಬಿಡುತ್ತೇವೆ. ಹೀಗೆ ಅವಸರದಲ್ಲಿ ಹೇಳಿದ ಒಂದು ಉತ್ತರವು ನನ್ನನ್ನು ಅನೇಕ ವರ್ಷಗಳಿಂದ ಕಾಡುತ್ತಿದೆ. ಅದನ್ನು ಸದ್ಭಕ್ತರ ಮುಂದಿಟ್ಟು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾನು ಅಧ್ಯಾಪಕವೃತ್ತಿಗೆ ಸೇರಿದ ಹೊಸತರಲ್ಲಿ ಹೊನ್ನಾವರ-ಕುಮಟಾ ಸೀಮೆಯ ಭಕ್ತರೊಬ್ಬರ ಮನೆಗೆ ಹೋಗಿದ್ದೆ. ಆ ಮನೆಯ ಗೃಹಿಣಿಗೆ ದಾಸವಾಳದಲ್ಲಿ ಬಲು ಆಸಕ್ತಿ. ಅಂಗಳದ ಸುತ್ತಲೂ ಕೆಂಪು, ಬಿಳಿ, ಹಳದಿ ಹೂಗಳ ಗಿಡಗಳಿದ್ದವು. ಬೆಳಗಿನ ಪೂಜೆಯ ಹೊತ್ತಿಗೆ ಆಕೆ ಹರಿವಾಣದಲ್ಲಿ ಒಂದು ಹೂವನ್ನು ತಂದು ತೋರಿಸಿದರು. ಅದರದು ಹಣ್ಣಡಕೆಯ ಬಣ್ಣ. ನಡುವೆ ಕಡುಗೆಂಪಿನ ಕಣ್ಣು. ಅಂತಹ ಹೂವನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. “ಕೆಂಪಿಗೂ ಹಳದಿಗೂ ಕೂಡಿಸಿ ಬಂದದ್ದು. ಮೂರು ವರ್ಷ ಕಾದೆ. ಇದನ್ನು ಲಿಂಗಕ್ಕೆ ಏರಿಸಬಹುದೇ ಮಾಸ್ತರರೇ?” ಎಂದು ಕೇಳಿದರು.

ನಾನಾಗ ಸಂಸ್ಕೃತದ ಅಭ್ಯಾಸವನ್ನು ಮುಗಿಸಿ ಬಂದವನು, ಶಬ್ದಗಳ ಮದವಿತ್ತು. “ತಾಯಿ, ಇದು ವರ್ಣಸಂಕರದ ಹೂವು. ದೇವರು ಕೊಟ್ಟುದನ್ನು ಕೊಟ್ಟಂತೆ ಅರ್ಪಿಸುವುದೇ ಲೇಸು” ಎಂದೆ. ಆಕೆ ಮರುಮಾತಾಡಲಿಲ್ಲ. ಮರುವರ್ಷ ಹೋದಾಗ ಆ ಗಿಡವಿರಲಿಲ್ಲ. “ಪೂಜೆಗೆ ಬಾರದ ಗಿಡ ಅಂಗಳದಲ್ಲೇಕೆಂದು ಕಿತ್ತುಹಾಕಿದೆ” ಎಂದರು. ಅದರ ಟೊಂಗೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಆ ಬಣ್ಣವು ಅಲ್ಲಿಗೆ ಮುಗಿಯಿತು.

ಏಕೆ ಮುಗಿಯಿತೆಂಬುದನ್ನು ತಿಳಿಯಲು ಆ ಕೆಲಸದ ಕ್ರಮವನ್ನು ಅರಿಯಬೇಕು. ದಾಸವಾಳದ ಮೊಗ್ಗು ಅರಳುವ ಮುನ್ನವೇ ತಾಯಿಹೂವಿನ ಕೇಸರಗಳನ್ನು ಬಿಡಿಸಿ ತೆಗೆಯಬೇಕು. ಬಳಿಕ ಮತ್ತೊಂದು ಬಣ್ಣದ ಹೂವಿನ ಪರಾಗವನ್ನು ತಂದು, ನಡುಗಂಬದ ತುದಿಯಲ್ಲಿರುವ ಐದು ಚುಕ್ಕೆಗಳಿಗೆ ಸವರಬೇಕು. ಹೆಚ್ಚಿನ ಹೂಗಳು ಕಾಯಿ ಕಟ್ಟದೆ ಉದುರುತ್ತವೆ. ಕಟ್ಟಿದ ಕಾಯಿ ಬಲಿಯಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಬೀಜ ಮೊಳೆತು ಮೊದಲ ಹೂ ಕಾಣಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಒಂದೇ ಕಾಯಿಯ ಬೀಜಗಳಿಂದ ಹುಟ್ಟಿದ ಗಿಡಗಳೂ ಒಂದರಂತೆ ಒಂದಿರುವುದಿಲ್ಲ. ಆರಿಸಿದ ಗಿಡವನ್ನು ಟೊಂಗೆ ನೆಟ್ಟು ಅಥವಾ ಕಸಿಮಾಡಿ ಉಳಿಸಿಕೊಳ್ಳಬೇಕೇ ಹೊರತು ಬೀಜದಿಂದ ಅದೇ ಹೂವನ್ನು ಮರಳಿ ಪಡೆಯುವುದು ಅಸಾಧ್ಯವೆಂದೇ ಹೇಳಬೇಕು. ನನ್ನ ಒಂದು ಮಾತು ಮೂರು ವರ್ಷಗಳ ಕಾಯಕವನ್ನು ಹೀಗೆ ಕೆಡಿಸಿತು.

ಈಗ ನನ್ನ ಮಾತನ್ನೇ ಪರೀಕ್ಷಿಸೋಣ. ದೇವರು ಕೊಟ್ಟುದು ಬೇರೆ, ಮನುಷ್ಯನು ಮಾಡಿದುದು ಬೇರೆ ಎಂದೆನಷ್ಟೆ? ಈಗಿನ ಚೆಕ್ ದೇಶದ ಬ್ರ್ನೋ ನಗರದ ಮಠವೊಂದರಲ್ಲಿದ್ದ ಕ್ರೈಸ್ತ ಸನ್ಯಾಸಿ ಗ್ರೆಗರ್ ಮೆಂಡೆಲರು ಬಟಾಣಿಯ ನೇರಿಳೆ ಹೂವಿಗೂ ಬಿಳಿ ಹೂವಿಗೂ ಸಂಯೋಗ ಮಾಡಿ ನೋಡಿದರು. ಮೊದಲ ತಲೆಯಲ್ಲಿ ಎಲ್ಲವೂ ನೇರಿಳೆಯಾದವು. ಬಿಳಿ ಅಳಿದೇಹೋಯಿತೆಂದು ತೋರಿತು. ಎರಡನೆಯ ತಲೆಯಲ್ಲಿ 929 ಗಿಡಗಳ ಪೈಕಿ 705 ನೇರಿಳೆ, 224 ಬಿಳಿ ಹೂಗಳನ್ನು ಬಿಟ್ಟವು. ಈ ಶೋಧವನ್ನು ಅವರು 1866ರಲ್ಲಿ ಪ್ರಕಟಿಸಿದರು. ಅಳಿದುಹೋಯಿತೆಂದು ತಿಳಿದ ಬಣ್ಣವು ಒಳಗೆ ಅಡಗಿಯೇ ಇತ್ತು. ಆದುದರಿಂದ ಹೂಗಳನ್ನು ಕೂಡಿಸುವವನು ಬಣ್ಣವನ್ನು ಸೃಷ್ಟಿಸುವುದಿಲ್ಲ. ಅಡಗಿದುದು ತೋರಿಬರಲು ಎಡೆಮಾಡಿಕೊಡುತ್ತಾನೆ. ಕೊಟ್ಟವನು ಒಬ್ಬನೇ, ಕಾದು ಆರಿಸಿದುದಷ್ಟೇ ಮನುಷ್ಯನ ಕಾಯಕ.

ಹಳೆಯದು ಶುದ್ಧ, ಹೊಸದು ಅಶುದ್ಧ ಎಂಬುದೂ ನಿಲ್ಲುವ ಮಾತಲ್ಲ. ಇಂದು ನಮ್ಮ ಪೂಜೆಯಲ್ಲಿ ಎಲ್ಲೆಲ್ಲೂ ಕಾಣುವ ಚೆಂಡುಹೂವೂ ಸುಗಂಧರಾಜವೂ ಮೂಲತಃ ಮೆಕ್ಸಿಕೋ ದೇಶದವು. ಮಳೆಗಾಲದಲ್ಲಿ ಘಟ್ಟದ ಸೀಮೆಯ ಹೆಣ್ಣುಮಕ್ಕಳು ಗೆಡ್ಡೆ ಬದಲಾಯಿಸಿಕೊಂಡು ಬೆಳೆಸುವ ಡೇರೆಯೂ ಅಲ್ಲಿಂದಲೇ ಬಂದುದು. ಹನ್ನೆರಡನೆಯ ಶತಮಾನದ ಶರಣರು ಇವನ್ನು ಕಂಡಿರಲಾರರು. ಹಾಗೆಂದು ಯಾವ ಭಕ್ತನೂ ಚೆಂಡುಹೂವನ್ನು ದೂರವಿಟ್ಟಿಲ್ಲ.

ಆದರೆ ನನ್ನ ದೊಡ್ಡ ತಪ್ಪು ಇದಲ್ಲ. ‘ವರ್ಣಸಂಕರ’ ಎಂಬ ಶಬ್ದವೇ ಆ ತಪ್ಪು. ವರ್ಣವೆಂದರೆ ಬಣ್ಣ, ವರ್ಣವೆಂದರೆ ಜಾತಿಯ ಕಟ್ಟೂ ಹೌದು. ಹೂವಿನ ಮಾತಿನಲ್ಲಿ ನಾನು ಎರಡನೆಯ ಅರ್ಥದ ಹೇಸಿಕೆಯನ್ನು ನುಸುಳಿಸಿದೆ. ಇದೇ ಶಬ್ದದ ಹೆಸರಿನಲ್ಲಿ ಕಲ್ಯಾಣದಲ್ಲಿ ಏನಾಯಿತೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾದುದಕ್ಕೆ ಆ ಇಬ್ಬರು ಹಿರಿಯರೂ ಪ್ರಾಣವನ್ನೇ ತೆರಬೇಕಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಶರಣರ ಹೆಸರಿನಲ್ಲಿ ಪಾಠ ಹೇಳುವ ನಾನು, ಎರಡು ಬಣ್ಣ ಕೂಡಿತೆಂಬ ಒಂದೇ ಕಾರಣಕ್ಕೆ ಒಂದು ಹೂವನ್ನು ಲಿಂಗದಿಂದ ದೂರಮಾಡಿದೆ. ಮೈಲಿಗೆಯಿದ್ದುದು ಹೂವಿನಲ್ಲಲ್ಲ, ನನ್ನ ಶಬ್ದದಲ್ಲಿ.

ಇಷ್ಟರಿಂದ ಹೊಸ ಬಣ್ಣದ ಹಂಬಲವೆಲ್ಲವೂ ನಿರ್ದೋಷವೆಂದು ತಿಳಿಯಬಾರದು. ಬಣ್ಣವನ್ನೂ ಬಾಳಿಕೆಯನ್ನೂ ಬೆನ್ನುಹತ್ತಿದ್ದರಿಂದ ಪೇಟೆಯ ಎಷ್ಟೋ ಗುಲಾಬಿಗಳು ಪರಿಮಳವನ್ನು ಕಳೆದುಕೊಂಡಿವೆ. ಗುಲಾಬಿಯಲ್ಲಿ ನೀಲಿಯ ಮೂಲದ್ರವ್ಯವೇ ಇಲ್ಲವಾದುದರಿಂದ, ಜಪಾನಿನ ಕಂಪನಿಯೊಂದು ಬೇರೊಂದು ಗಿಡದ ವಂಶವಾಹಿಯನ್ನು ಅದರೊಳಗಿಟ್ಟು ‘ನೀಲಿ ಗುಲಾಬಿ’ಯೆಂದು 2009ರಿಂದ ಮಾರಿತು, ಕಣ್ಣಿಗೆ ಕಂಡುದು ತಿಳಿ ನೇರಿಳೆ. ನಮ್ಮ ಅಬ್ಬಲಿಗೆಯಲ್ಲಿ, ಎಂದರೆ ಕನಕಾಂಬರದಲ್ಲಿ, ‘ದೆಹಲಿ’ ಎಂಬ ತಳಿಯ ಬಣ್ಣ ಮನೋಹರ. ಆದರೆ ಅದು ಬೀಜ ಕಟ್ಟದು. ಮನುಷ್ಯನು ಟೊಂಗೆ ನೆಡುವುದನ್ನು ನಿಲ್ಲಿಸಿದರೆ ಅದರ ಸಂತತಿಯೂ ನಿಲ್ಲುತ್ತದೆ. ಹೊಸದನ್ನು ಪಡೆಯುವವನು ಯಾವುದನ್ನು ಕಳೆದುಕೊಳ್ಳುತ್ತಿದ್ದೇನೆಂದು ಕೇಳಿಕೊಳ್ಳಬೇಕು. ಭಟ್ಕಳದ ಮಲ್ಲಿಗೆಯನ್ನು ನೋಡಿರಿ. ಅದಕ್ಕೆ ಬಿಳುಪೊಂದೇ ಬಣ್ಣ. ಟೊಂಗೆಯಿಂದ ಟೊಂಗೆಗೆ ನಡೆದುಬಂದ ಬಳ್ಳಿ. ಹೊಸ ಬಣ್ಣವಿಲ್ಲವೆಂದು ಅದರ ಮಾಲೆಯನ್ನು ಬೇಡವೆಂದವರನ್ನು ನಾನು ಕಂಡಿಲ್ಲ.

ಇನ್ನೊಂದು ಎಚ್ಚರವೂ ಬೇಕು. ಮಡಿಯಲ್ಲಿ ನೂರು ಸಸಿ ಬೆಳೆಸಿದವನು ಒಂದನ್ನು ಆರಿಸಿ ಉಳಿದವನ್ನು ಗೊಬ್ಬರದ ಗುಂಡಿಗೆ ಹಾಕುತ್ತಾನೆ. ಹೂವಿನ ಮಡಿಯಲ್ಲಿ ಇದು ಸಲ್ಲುತ್ತದೆ. ಮನುಷ್ಯರಲ್ಲಿ ಹೀಗೆ ಆರಿಸಿ ಎಸೆಯುವ ಅಧಿಕಾರ ಯಾರಿಗೂ ಇಲ್ಲ.

ಕೊನೆಯ ಪ್ರಶ್ನೆ ‘ನನ್ನದು’ ಎಂಬುದರದು. ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ದಾಸವಾಳದಲ್ಲಿಯೂ ಕನಕಾಂಬರದಲ್ಲಿಯೂ ಹೊಸ ತಳಿಗಳನ್ನು ಹೊರತಂದಿದೆ. ‘ಅರ್ಕಾ ಅಂಬರ’, ‘ಅರ್ಕಾ ಕನಕ’ಗಳು ಅಂತಹ ಕನಕಾಂಬರಗಳು. ತಳಿ ಪಡೆದವರ ಶ್ರಮಕ್ಕೆ ಮನ್ನಣೆ ಬೇಕು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಆ ಮನ್ನಣೆಯನ್ನು ಕೊಟ್ಟು, ಜೊತೆಗೆ ಬೀಜವನ್ನು ಉಳಿಸಿ ಹಂಚಿಕೊಳ್ಳುವ ರೈತನ ಹಕ್ಕನ್ನೂ ಕಾದಿದೆ. ಶ್ರಮಕ್ಕೆ ಪ್ರತಿಫಲ ಸಲ್ಲಲಿ. ಆದರೆ ಗೃಹಸ್ಥನ ಅಂಗಳದಲ್ಲಿ ಧರ್ಮವು ಇನ್ನೂ ಸರಳ. ಒಂದೇ ಅಂಗಳದಲ್ಲಿರುವ ಗಿಡವು ಒಂದು ಕೆಟ್ಟ ಮಾತಿಗೆ ಅಳಿಯುತ್ತದೆ. ಹತ್ತು ಅಂಗಳಗಳಿಗೆ ಹಂಚಿದ ಗಿಡವು ಉಳಿಯುತ್ತದೆ. ಹೂವಿನ ವಿಷಯದಲ್ಲಿ ದಾಸೋಹವೆಂದರೆ ಇದೇ.

ಕಳೆದ ಶ್ರಾವಣದಲ್ಲಿ ಆ ತಾಯಿಯ ಮನೆಗೆ ಹೋಗಿ ನನ್ನ ಮಾತನ್ನು ಹಿಂದಕ್ಕೆ ಪಡೆದೆ. ಆಕೆಗೆ ಈಗ ಕಣ್ಣು ಮಂದವಾಗಿದೆ. ಕೇಸರ ಬಿಡಿಸುವ ಕೆಲಸ ಇನ್ನಾಗದು. ನನ್ನನ್ನು ದೂರಲಿಲ್ಲ. “ನಾಲ್ಕು ಜನ ಓದುವಲ್ಲಿ ಬರೆಯಿರಿ ಮಾಸ್ತರರೇ, ಮತ್ತೊಬ್ಬರು ಕಿತ್ತುಹಾಕದಿರಲಿ” ಎಂದರಷ್ಟೆ. ಅದಕ್ಕಾಗಿಯೇ ಇದನ್ನು ಬರೆದೆನು. ಸದ್ಭಕ್ತರು ತಮ್ಮ ಅಂಗಳದಲ್ಲಿ ಅರಳಿದ ಹೂವು ಯಾವ ಬಣ್ಣದ್ದಾದರೂ ನಿಸ್ಸಂಶಯವಾಗಿ ಲಿಂಗಕ್ಕೆ ಅರ್ಪಿಸಲಿ. ‘ನಾನು ಮಾಡಿದೆ’ ಎಂಬ ಭಾವವನ್ನು ಅದಕ್ಕೂ ಮೊದಲು ಅರ್ಪಿಸಲಿ. ಮತ್ತು ಆ ಗಿಡದ ಒಂದು ಟೊಂಗೆಯನ್ನು ನೆರೆಮನೆಗೆ ಕೊಡಲಿ.