ಪಕ್ಷನಿಷ್ಠೆ ಪಾಪವೇ?

'ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ' ಎಂದು ಹೇಳಿಕೊಳ್ಳುವುದು ನಮ್ಮಲ್ಲಿ ಸಜ್ಜನಿಕೆಯ ಗುರುತು. 'ಇದರಲ್ಲಿ ರಾಜಕೀಯ ಬೆರೆಸಬೇಡಿ' ಎಂಬುದು ಹೆಚ್ಚುಕಡಿಮೆ ಬೈಗುಳಕ್ಕೆ ಸಮ. ಆದರೂ ಚುನಾವಣೆ ಬಂದಾಗ ನಾವೆಲ್ಲ ಸಾಲಿನಲ್ಲಿ ನಿಂತು ಯಾವುದಾದರೊಂದು ಪಕ್ಷದ ಚಿಹ್ನೆಗೆ ಮತ ಹಾಕಿ ಬರುತ್ತೇವೆ. ಹಾಗಾದರೆ ಒಂದು ಪಕ್ಷದ ಪರ ನಿಲ್ಲುವುದು ಪ್ರಜಾಪ್ರಭುತ್ವಕ್ಕೆ ತಗಲಿದ ರೋಗವೇ ಅಥವಾ ಅದರ ಉಸಿರೇ?

ಈ ಅನುಮಾನ ಹಳೆಯದು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಪಕ್ಷಾಭಿಮಾನದ ವಿರುದ್ಧ ಜನರನ್ನು ಎಚ್ಚರಿಸಿದ್ದರು. ಆದರೆ ಅವರಿಗಿಂತ ಮೊದಲೇ, 1787ರಲ್ಲಿ, ಜೇಮ್ಸ್ ಮ್ಯಾಡಿಸನ್ ಬೇರೊಂದು ಸತ್ಯವನ್ನು ಗುರುತಿಸಿದ್ದರು. ಬಣಗಳ ಬೇರು ಮನುಷ್ಯ ಸ್ವಭಾವದಲ್ಲೇ ಇದೆ. ಅವನ್ನು ಕಿತ್ತೆಸೆಯಬೇಕಾದರೆ ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳಬೇಕು. ಆ ಮದ್ದು ರೋಗಕ್ಕಿಂತ ಕೆಟ್ಟದ್ದು ಎಂಬುದು ಅವರ ವಾದವಾಗಿತ್ತು. ಬ್ರಿಟನ್ನಿನ ಎಡ್ಮಂಡ್ ಬರ್ಕ್ 1770ರಲ್ಲೇ ಪಕ್ಷಕ್ಕೊಂದು ಗೌರವದ ಅರ್ಥ ಕೊಟ್ಟಿದ್ದರು: ತಾವೆಲ್ಲ ಒಪ್ಪಿದ ಒಂದು ತತ್ವದ ಮೇಲೆ ನಾಡಿನ ಹಿತಕ್ಕಾಗಿ ಜೊತೆಯಾಗಿ ದುಡಿಯುವವರ ಕೂಟವೇ ಪಕ್ಷ.

ನಮ್ಮ ಜಯಪ್ರಕಾಶ ನಾರಾಯಣರು ಪಕ್ಷರಹಿತ ಪ್ರಜಾಪ್ರಭುತ್ವದ ಕನಸು ಕಂಡವರು. ಆದರೆ 1975ರಲ್ಲಿ ತುರ್ತುಪರಿಸ್ಥಿತಿ ಹೇರಿದ ಸರಕಾರವನ್ನು 1977ರಲ್ಲಿ ಮತಪೆಟ್ಟಿಗೆಯ ಮೂಲಕ ಇಳಿಸಲು ಅವರ ಬೆಂಬಲದಿಂದ ಒಂದು ಪಕ್ಷವೇ ಹುಟ್ಟಬೇಕಾಯಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯತ್ ಚುನಾವಣೆಗಳು ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತವೆ. ಆದರೆ ಯಾರು ಯಾರ ಕಡೆಯವರೆಂದು ಊರಿಗೆಲ್ಲ ಗೊತ್ತು. ಚಿಹ್ನೆಯನ್ನು ಅಳಿಸಬಹುದು, ಭಿನ್ನಾಭಿಪ್ರಾಯವನ್ನು ಅಳಿಸಲಾಗದು.

ಅಳಿಸಬೇಕಾಗಿಯೂ ಇಲ್ಲ. ಬೀಡಿ ಕಟ್ಟುವವಳ ಕೂಲಿಯ ದೂರು, ರೈತನ ಬೆಲೆಯ ದೂರು ಒಂಟಿಯಾಗಿದ್ದರೆ ಗೊಣಗಾಟ ಮಾತ್ರ. ಹಲವರ ದೂರುಗಳನ್ನು ಕೂಡಿಸಿ, ಅದಕ್ಕೊಂದು ಕಾರ್ಯಕ್ರಮದ ರೂಪ ಕೊಟ್ಟು, ವಿಧಾನಸಭೆಯ ಬಾಗಿಲಿಗೆ ಒಯ್ಯಲು ಪಕ್ಷ ಬೇಕು. ಕನ್ನಡದಲ್ಲಿ 'ಪಕ್ಷ'ವೆಂದರೆ ಬದಿ, ರೆಕ್ಕೆ, ತಿಂಗಳ ಅರ್ಧ. ಅಂದರೆ ಇನ್ನೊಂದು ಬದಿ ಇದ್ದೇ ಇದೆ ಎಂಬ ಒಪ್ಪಿಗೆ ಆ ಪದದೊಳಗೇ ಇದೆ. ತಾನೇ ಇಡೀ ದೇಶ, ತನ್ನ ವಿರೋಧಿ ದೇಶದ ವೈರಿ ಎನ್ನುವ ಕ್ಷಣ ಪಕ್ಷವು ಪಕ್ಷವಾಗಿ ಉಳಿಯುವುದಿಲ್ಲ. ನಾವು ಭಯಪಡಬೇಕಾದದ್ದು ಪಕ್ಷನಿಷ್ಠೆಗಲ್ಲ, ಈ ಅಹಂಕಾರಕ್ಕೆ. ಅದರ ಮೊದಲ ಏಟು ಬೀಳುವುದು ಎಣಿಕೆಯಲ್ಲಿ ಸಣ್ಣವರಾದವರ ಮೇಲೆಯೇ.

ಇನ್ನೊಂದು ಅಪಾಯವೂ ಇದೆ. ನಿಷ್ಠೆಯೇ ಇಲ್ಲದ ಪಕ್ಷ ರಾಜಕಾರಣ. ನಮ್ಮ ಸಂವಿಧಾನಕ್ಕೆ ರಾಜಕೀಯ ಪಕ್ಷದ ಮಾತು ಬಂದದ್ದೇ 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯಿಂದ. ಅದು ಶಾಸಕನನ್ನು ಪಕ್ಷದ ವಿಪ್‌ಗೆ ಕಟ್ಟಿಹಾಕಿತು. ಆದರೂ 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹಗೊಂಡರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಮತ್ತೆ ಸ್ಪರ್ಧಿಸಲು ಅವಕಾಶವನ್ನೂ ಕೊಟ್ಟಿತು. ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಹೊಸ ಪಕ್ಷದ ಟಿಕೆಟಿನಿಂದ ನಿಂತವರಲ್ಲಿ ಹೆಚ್ಚಿನವರು ಗೆದ್ದೂ ಬಂದರು. ಗೆಲ್ಲಿಸಿದವರು ನಾವೇ, ಮತದಾರರೇ. ಕಾನೂನು ಶಾಸಕನನ್ನು ಪಕ್ಷದ ಆಜ್ಞೆಗೆ ಕಟ್ಟಬಲ್ಲದು. ಪಕ್ಷವನ್ನು ಅದರ ಮಾತಿಗೆ ಕಟ್ಟುವ ಹಗ್ಗ ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಪಕ್ಷ ವಹಿಸುವುದು ತಪ್ಪಲ್ಲ, ಪಕ್ಷಪಾತ ತಪ್ಪು. ಇವೆರಡರ ನಡುವಿನ ಗೆರೆ ನಮ್ಮೊಳಗೇ ಇದೆ. ಎದುರಾಳಿಯ ಭ್ರಷ್ಟಾಚಾರಕ್ಕೆ ಕುದಿಯುವ ನಮ್ಮ ರಕ್ತ, ನಮ್ಮವರ ಭ್ರಷ್ಟಾಚಾರಕ್ಕೂ ಕುದಿಯುತ್ತದೆಯೇ? ಸೋತ ದಿನ ನೆರೆಮನೆಯ ಗೆದ್ದವನ ಕೈ ಕುಲುಕಲು ನಮಗೆ ಸಾಧ್ಯವೇ? ಗೆದ್ದ ದಿನ, ಸೋತವನು ನಾಳೆ ಗೆಲ್ಲಬಹುದಾದ ದಾರಿಯನ್ನು ತೆರೆದಿಡಲು ಮನಸ್ಸಿದೆಯೇ? ಹೌದು ಎನ್ನಬಲ್ಲವನು ಯಾವ ಪಕ್ಷದ ಬಾವುಟ ಹಿಡಿದರೂ ಪ್ರಜಾಪ್ರಭುತ್ವ ಅವನ ಕೈಯಲ್ಲಿ ಕ್ಷೇಮ. ಇಲ್ಲ ಎನ್ನುವವನು ಯಾವ ಬಾವುಟವನ್ನೂ ಹಿಡಿಯದೆ ಮನೆಯಲ್ಲಿ ಕುಳಿತರೂ ಅವನಿಂದ ಅದಕ್ಕೆ ಲಾಭವಿಲ್ಲ.