ಬಿಕ್ಕೋಡಿನ ಕಾಡಾನೆ ಮತ್ತು ಹಿಂಸೆಯ ಹೊಣೆ

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯಲ್ಲಿ ಕಾಡಾನೆಗಳಿವೆ, ಅವಕ್ಕೆ ಸಾಲುವಷ್ಟು ಕಾಡಿಲ್ಲ. ಹಗಲಿನಲ್ಲಿ ಕಾಫಿ ತೋಟದ ನೆರಳು, ಇರುಳಾದರೆ ಭತ್ತದ ಗದ್ದೆ, ನಡುವೆ ತೋಟದ ಕೆರೆ: ಇಷ್ಟೇ ಅವುಗಳ ಲೋಕ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಉದ್ದಕ್ಕೂ ಓಡಾಡುವ ಈ ಹಿಂಡುಗಳು ಯಾವ ಅಭಯಾರಣ್ಯಕ್ಕೂ ಸೇರಿದವಲ್ಲ. ಇಲ್ಲಿ ಹುಟ್ಟಿದ ಮರಿಗಳಿಗೆ ತೋಟವೇ ತವರು. ಆನೆಯನ್ನು ದೇವರ ರೂಪವೆಂದು ನಂಬುವ ನಾಡಿನಲ್ಲಿ, ಬೆಳೆ ತುಳಿಯುವ, ಒಮ್ಮೊಮ್ಮೆ ಮನುಷ್ಯರನ್ನು ಕೊಲ್ಲುವ ಆನೆಯ ವಿಷಯದಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆ ಈ ಹೋಬಳಿಯಲ್ಲಿ ಪ್ರತಿ ಸುಗ್ಗಿಯಲ್ಲೂ ಎದುರಾಗುತ್ತದೆ.

ಏಷ್ಯಾದ ಆನೆ ಅಳಿವಿನಂಚಿನ ಪ್ರಾಣಿ. ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅದನ್ನು 1986ರಿಂದಲೂ ಹಾಗೆಯೇ ಗುರುತಿಸುತ್ತ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ; 1992ರಲ್ಲಿ ಆನೆ ಯೋಜನೆ ಶುರುವಾಯಿತು; 2010ರಲ್ಲಿ ಕೇಂದ್ರ ಸರ್ಕಾರ ಅದನ್ನು ರಾಷ್ಟ್ರೀಯ ಪಾರಂಪರಿಕ ಪ್ರಾಣಿ ಎಂದು ಘೋಷಿಸಿತು. ಲದ್ದಿಯ ಡಿಎನ್‌ಎ ಆಧರಿಸಿ ನಡೆಸಿ 2025ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದಲ್ಲಿ 22,446 ಆನೆಗಳಿದ್ದು, 6,013 ಆನೆಗಳೊಂದಿಗೆ ಕರ್ನಾಟಕ ಮೊದಲ ಸ್ಥಾನದಲ್ಲಿದೆ. ರಾಜ್ಯದ ಈ ಆನೆಗಳಲ್ಲಿ ಬಹುಪಾಲು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟದಂಥ ದಟ್ಟ ಕಾಡುಗಳದು. ಹಾಸನ ಜಿಲ್ಲೆಯ ಪಾಲು ಅಲ್ಪ. ಆದರೆ ಧರ್ಮದ ಪ್ರಶ್ನೆ ತೀಕ್ಷ್ಣವಾಗುವುದು ಆನೆಗೂ ಮನುಷ್ಯನಿಗೂ ನಡುವೆ ಬೇಲಿಯೇ ಇಲ್ಲದ ಇಂಥ ಕಡೆಯಲ್ಲಿ.

ಆನೆ ಇಲ್ಲಿಗೆ ಬಂದದ್ದು ತನ್ನ ತಪ್ಪಿನಿಂದಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು, ಹಿನ್ನೀರು ಊರುಗಳನ್ನೂ ಹೊಲಗಳನ್ನೂ ನುಂಗಿತು. ಘಟ್ಟದ ತಪ್ಪಲಲ್ಲಿ ರಸ್ತೆ, ರೈಲು, ಕಿರು ಜಲವಿದ್ಯುತ್ ಯೋಜನೆಗಳು ಕಾಡನ್ನು ತುಂಡರಿಸಿದವು. ಇತ್ತ ತೋಟಗಳಲ್ಲಿ ವರ್ಷವಿಡೀ ನೀರು, ನೆರಳು, ಹಲಸು, ಬಾಳೆ, ಬೈನೆ. ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕಾದ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ನೆಲೆ ಎಲ್ಲಿ ಸಿಗಬೇಕು? ಆನೆ ಕಾಫಿಯನ್ನು ಇಷ್ಟಪಟ್ಟು ತಿನ್ನುವುದಿಲ್ಲ. ಗಿಡ ಮುರಿಯುತ್ತದೆ, ತಂತಿ ಕೀಳುತ್ತದೆ, ಪೈಪು ಒಡೆಯುತ್ತದೆ. ಭತ್ತದ ಮೇಲೆ ಮಾತ್ರ ಅದಕ್ಕೆ ನಿಜವಾದ ಆಸೆ. ಆದ್ದರಿಂದ ನೂರಾರು ಎಕರೆ ತೋಟವುಳ್ಳವರಿಗಿಂತ ಎರಡು ಎಕರೆ ಗದ್ದೆಯವರು ಹೆಚ್ಚು ಕಳೆದುಕೊಳ್ಳುತ್ತಾರೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವ ತೋಟದ ಕೂಲಿಯವರ ಪಾಲಿಗೆ ಬರುವುದು ಇನ್ನೂ ದೊಡ್ಡ ಅಪಾಯ. ಧರ್ಮದ ಚರ್ಚೆ ಈ ಅಸಮಾನತೆಯನ್ನು ಬಿಟ್ಟು ನಡೆಯಲಾರದು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಅಲ್ಲಿಯೂ ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಗೋಡೆಯ ಅಡಿಪಟ್ಟಿಯಲ್ಲಿ ಸಾಲುಗಟ್ಟಿ ನಿಂತಿರುವುದು ಆನೆ. ಹಳೇಬೀಡಿನಲ್ಲಿ ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ, ಹಂಸಗಳು ಪಟ್ಟಿ ಪಟ್ಟಿಯಾಗಿ ಏರುತ್ತವೆ. ಇಡೀ ಕಟ್ಟಡದ ಭಾರ ಹೊರುವ ಜಾಗ ಗಜಥರದ್ದು, ಅಂದರೆ ಈ ಆನೆಸಾಲಿನದು. ಅದೇ ದೇವಾಲಯದಲ್ಲಿ ಶಿವನು ಗಜಾಸುರನನ್ನು ಕೊಂದು, ಅವನ ತೊಗಲನ್ನು ಎತ್ತಿ ಹಿಡಿದು ಕುಣಿಯುವ ಶಿಲ್ಪವೂ ಇದೆ. ಪುರಾಣಗಳಲ್ಲೂ ಈ ಇಬ್ಬಗೆ ಕಾಣುತ್ತದೆ. ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರ ಮೊಸಳೆಯ ಹಿಡಿತದಲ್ಲಿ ಕೂಗಿದಾಗ ವಿಷ್ಣು ಓಡೋಡಿ ಬರುತ್ತಾನೆ. ಆನೆಯ ದೇಹದಲ್ಲಿರುವ ಜೀವವೂ ಮೋಕ್ಷಕ್ಕೆ ಅರ್ಹ ಎಂಬುದು ಆ ಕಥೆಯ ನಿಲುವು. ಗಜಾಸುರನಿಗಾದರೋ ದೊರೆಯುವುದು ವಧೆ. ಹೀಗಾಗಿ ‘ಆನೆ ದೇವರು, ಅದನ್ನು ಮುಟ್ಟಬಾರದು’ ಎಂದಾಗಲಿ, ‘ಆನೆ ಹಾವಳಿಕೋರ, ಅದನ್ನು ಮುಗಿಸಬೇಕು’ ಎಂದಾಗಲಿ ಪರಂಪರೆಯ ಹೆಸರಿನಲ್ಲಿ ಹೇಳುವುದು ಅರ್ಧ ಓದಿದವರ ಮಾತು. ಗಣಪತಿಯ ಪೂಜೆಯಿಂದ ಕಾಡಾನೆಯ ಬಗೆಗಿನ ಕರ್ತವ್ಯ ತಾನಾಗಿ ಹುಟ್ಟುವುದಿಲ್ಲ. ಮಣ್ಣಿನ ಮೂರ್ತಿಗೆ ಕಡುಬು ಬಡಿಸಿದ ಮನೆಯವರೇ ರಾತ್ರಿ ಪಟಾಕಿ ಹಿಡಿದು ಗದ್ದೆ ಕಾಯಬೇಕಾಗುತ್ತದೆ. ಅವರನ್ನು ಕಪಟಿಗಳೆನ್ನುವುದು ಅನ್ಯಾಯ.

ಪರಂಪರೆಯ ಹೆಚ್ಚು ನೇರವಾದ ಮಾತು ಗಜಶಾಸ್ತ್ರಗಳಲ್ಲಿದೆ. ಅಂಗ ದೇಶದ ರಾಜ ರೋಮಪಾದನ ನಾಡಿನಲ್ಲಿ ಕಾಡಾನೆಗಳು ಬೆಳೆ ಹಾಳುಗೆಡವುತ್ತಿದ್ದವು. ಅವನು ಅವನ್ನು ಹಿಡಿಸಿ ತಂದು ಕಟ್ಟಿಹಾಕಿಸಿದ. ಆನೆಗಳ ನಡುವೆಯೇ ಬೆಳೆದ ಮುನಿ ಪಾಲಕಾಪ್ಯ ಅವನ್ನು ಹುಡುಕುತ್ತ ಬಂದು, ಗಾಯಗಳನ್ನು ಕಂಡು ದುಃಖಿಸಿ, ಮದ್ದು ಹಚ್ಚತೊಡಗಿದ. ರಾಜ ಕೇಳಿದಾಗ ಅವನು ಹೇಳಿದ್ದೇ ಆನೆಯ ವೈದ್ಯಶಾಸ್ತ್ರವಾಯಿತು ಎಂಬುದು ಸಂಪ್ರದಾಯ. ನೀಲಕಂಠನ ‘ಮಾತಂಗಲೀಲೆ’ಯೂ ಈ ಕಥೆಯಿಂದಲೇ ತೊಡಗುತ್ತದೆ, ಹೊಸದಾಗಿ ಸೆರೆಸಿಕ್ಕ ಆನೆ ಕಾಡಿನ ಸುಖವನ್ನು ನೆನೆದು ಸೊರಗಿ ಸಾಯುವುದನ್ನೂ ಅದು ವರ್ಣಿಸುತ್ತದೆ. ರಾಜನ ಕೃತ್ಯವನ್ನು ಕಥೆ ಖಂಡಿಸುವುದಿಲ್ಲ, ಪ್ರಜೆಗಳ ಬೆಳೆ ಉಳಿಯಲೇಬೇಕಿತ್ತು. ಆದರೆ ಹಿಡಿದದ್ದರಿಂದ ರಾಜನ ಕೆಲಸ ಮುಗಿಯಲಿಲ್ಲ. ಗಾಯದ ಹೊಣೆ ಅಲ್ಲಿಂದ ಶುರುವಾಯಿತು. ಕೌಟಿಲ್ಯನ ಅರ್ಥಶಾಸ್ತ್ರವೂ ಆನೆಯ ಕಾಡನ್ನು ಕಾಯಬೇಕೆನ್ನುತ್ತದೆ, ಆನೆ ಕೊಂದವನಿಗೆ ಮರಣದಂಡನೆ ವಿಧಿಸುತ್ತದೆ, ಮರಿ, ರೋಗಿ, ಗಬ್ಬದ ಆನೆ, ಹಾಲೂಡುವ ತಾಯಿಯನ್ನು ಹಿಡಿಯಕೂಡದೆನ್ನುತ್ತದೆ. ಅಲ್ಲಿನ ಉದ್ದೇಶ ಯುದ್ಧಬಲ. ಆದರೂ ಹಿಡಿಯುವುದಕ್ಕೊಂದು ಮಿತಿ ಇರಬೇಕೆಂಬ ಅರಿವು ಅದರಲ್ಲಿದೆ.

ಈ ಪ್ರದೇಶಕ್ಕೆ ಇನ್ನೂ ಹತ್ತಿರದ ವಿಚಾರ ಜೈನರದು. ಹೊಯ್ಸಳರ ಮೂಲಕಥೆ ಘಟ್ಟದಂಚಿನ ಅಂಗಡಿ ಎಂಬ ಊರಿನದು: ಜೈನ ಮುನಿ ಸುದತ್ತನ ಮೇಲೆ ಹುಲಿ ಎರಗಿತು, ಮುನಿ ಹೊಡೆಯೆಂದ, ಸಳ ಹೊಡೆದ. ಅಹಿಂಸೆಯ ವ್ರತ ಹಿಡಿದವನ ಬಾಯಿಂದ ಬಂದ ಆ ಆಜ್ಞೆ ಒಂದು ರಾಜಮನೆತನದ ಲಾಂಛನವಾಗಿ ಬೇಲೂರಿನ ಬಾಗಿಲಲ್ಲಿ ನಿಂತಿದೆ. ಐತಿಹ್ಯವೆಂದು ಬದಿಗಿಟ್ಟರೂ ಅದು ಎತ್ತುವ ತೊಡಕು ನಿಜವಾದದ್ದು. ಜೈನ ಶ್ರಾವಕಾಚಾರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಬೇಕೆಂದೇ ಮಾಡುವ ಸಂಕಲ್ಪ ಹಿಂಸೆ ಗೃಹಸ್ಥನಿಗೂ ನಿಷಿದ್ಧ. ಮನೆವಾರ್ತೆಯಲ್ಲಿ ಆಗುವ ಆರಂಭ ಹಿಂಸೆ, ಕಸುಬಿನಲ್ಲಿ ಆಗುವ ಉದ್ಯೋಗ ಹಿಂಸೆ, ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವ ವಿರೋಧಿ ಹಿಂಸೆ ಅವನಿಗೆ ತಪ್ಪಿದ್ದಲ್ಲ; ಅವನ್ನು ಸಾಧ್ಯವಾದಷ್ಟು ಕುಗ್ಗಿಸಬೇಕು. ಮುಖ್ಯವಾದ ಸಂಗತಿ, ಈ ಮೂರೂ ‘ಹಿಂಸೆಯಲ್ಲ’ ಎಂದು ಜೈನರು ಹೇಳುವುದಿಲ್ಲ. ಅನಿವಾರ್ಯವಾದುದಕ್ಕೂ ಕರ್ಮ ಅಂಟುತ್ತದೆ.

ಈ ಅಳತೆಗೋಲನ್ನು ಬಿಕ್ಕೋಡಿಗೆ ಹಿಡಿದರೆ ಬಹಳಷ್ಟು ತಿಳಿಯಾಗುತ್ತದೆ. ಪಟಾಕಿ ಸಿಡಿಸಿ ಆನೆಯನ್ನು ಗದ್ದೆಯಿಂದ ಎಬ್ಬಿಸುವುದು ವಿರೋಧಿ ಹಿಂಸೆ. ಬೇಲಿಗೆ ಕದ್ದ ವಿದ್ಯುತ್ತನ್ನು ನೇರವಾಗಿ ಹರಿಸಿ ಕೊಲ್ಲುವುದು ಸಂಕಲ್ಪ ಹಿಂಸೆ. ‘ಬೆಳೆ ಉಳಿಸಿಕೊಳ್ಳಲು ಹಾಗೆ ಮಾಡಿದೆವು’ ಎಂಬ ಸಮಜಾಯಿಷಿ ಅದನ್ನು ಬದಲಿಸದು. ಒಂದು ಕ್ಷಣ ಬಡಿದು ದೂರ ಸರಿಸುವ ಸೌರ ಬೇಲಿಗೂ ಕೊಲ್ಲುವ ತಂತಿಗೂ ಇರುವ ಅಂತರ ಇದೇ.

ಅದೇ ದರ್ಶನದ ಇನ್ನೊಂದು ವಿಭಾಗ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಮಾಡಿದವರನ್ನು ಒಪ್ಪಿದ್ದು ಅನುಮೋದಿತ, ಮೂರರಲ್ಲೂ ಪಾಲಿದೆ. ಆನೆ ಹಿಡಿಯಿರಿ ಎಂದು ಹೆದ್ದಾರಿ ತಡೆಯುವವರು ಆ ಹಿಂಸೆಗೆ ಅನುಮೋದಕರು. ಹಾಗೆಯೇ, ಆನೆಗಳು ಅಲ್ಲೇ ಇರಲಿ ಎಂದು ಬೆಂಗಳೂರಿನಲ್ಲಿ ಕುಳಿತು ಬಯಸುವವರು ಗದ್ದೆಯ ನಷ್ಟಕ್ಕೂ ಕೂಲಿಯವರ ಸಾವಿಗೂ ಅನುಮೋದಕರು. ಅಣೆಕಟ್ಟಿನ ನೀರು ಕುಡಿದವರು, ವಿದ್ಯುತ್ ಬಳಸಿದವರು, ಕಾಫಿ ಸವಿದವರು ಕಾರಿತದ ಪಾಲುದಾರರು. ಸಂರಕ್ಷಣೆಯ ಕುರಿತ ಮಾತುಗಳಲ್ಲಿ ರೈತ ಮತ್ತು ಆನೆ ಎಂಬ ಎರಡೇ ಪಾತ್ರಗಳಿರುತ್ತವೆ. ಮೂರನೆಯವರು, ಅಂದರೆ ನಾಡಿನ ಉಳಿದೆಲ್ಲರೂ, ನೋಡುಗರಂತೆ ಹೊರಗೆ ನಿಲ್ಲುತ್ತಾರೆ. ಈ ವಿಭಾಗ ಅವರನ್ನು ಒಳಗೆಳೆಯುತ್ತದೆ, ಅದರ ದೊಡ್ಡತನವೇ ಇದು.

ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞ ಒಂದು: ತಾನು ಉಣ್ಣುವ ಮೊದಲು ಇತರ ಜೀವಿಗಳಿಗೆ ಒಂದಿಷ್ಟು ಎತ್ತಿಡುವುದು. ಕಾಡಾನೆಗೆ ಬೆಳೆಯಲ್ಲಿ ಪಾಲಿದೆ ಎನ್ನುವವರು ಈ ಭಾವನೆಯನ್ನೇ ನೆನಪಿಸುತ್ತಾರೆ. ಅದು ಸುಂದರವಾದ ಮಾತು, ಆದರೆ ಯಜ್ಞಕ್ಕೆ ಕೊಡುವವನ ಮನಸ್ಸು ಬೇಕು, ಮತ್ತು ಎಲ್ಲ ಗೃಹಸ್ಥರೂ ಅದನ್ನು ಮಾಡಬೇಕು. ಇಡೀ ರಾಜ್ಯದ ಭೂತಯಜ್ಞವನ್ನು ಬಿಕ್ಕೋಡಿನ ಸಣ್ಣ ಹಿಡುವಳಿದಾರನ ಗದ್ದೆಯೊಂದರಲ್ಲೇ ನಡೆಸಿದರೆ ಅದು ದಾನವಲ್ಲ, ವಸೂಲಿ. ಹಾಗಾಗಿ ಸರ್ಕಾರ ಕೊಡುವ ಪರಿಹಾರವನ್ನು ಕರುಣೆಯೆಂದು ಕಾಣುವುದು ತಪ್ಪು. ಅದು ನಾಡು ತನ್ನ ಪಾಲಿನ ಯಜ್ಞವನ್ನು ತಡವಾಗಿ ಸಲ್ಲಿಸುವ ಬಗೆ. ಆನೆ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಮೊತ್ತವನ್ನು 2022ರ ಕೊನೆಯಲ್ಲಿ 7.5 ಲಕ್ಷ ರೂಪಾಯಿಯಿಂದ 15 ಲಕ್ಷಕ್ಕೆ ಏರಿಸಲಾಯಿತು. ಪ್ರಾಣಿ ಬೇಕೆನ್ನುವವರು ಯಾರು, ಅದರ ಬೆಲೆ ತೆರುವವರು ಯಾರು ಎಂಬ ಲೆಕ್ಕಾಚಾರ ಯುರೋಪಿನಲ್ಲೂ ತೊಡಕಾಗುತ್ತದೆ. ಇಟಲಿಯ ಟ್ರೆಂಟಿನೊ ಪ್ರಾಂತ್ಯದಲ್ಲಿ ಅಳಿದುಹೋಗುತ್ತಿದ್ದ ಕಂದು ಕರಡಿಯ ಸಂತತಿಯನ್ನು ಉಳಿಸಲು 1999ರಿಂದ ಸ್ಲೊವೇನಿಯಾದ ಕರಡಿಗಳನ್ನು ತಂದು ಬಿಡಲಾಯಿತು. ಸಂಖ್ಯೆ ಏರಿತು, 2023ರ ಏಪ್ರಿಲ್‌ನಲ್ಲಿ ಹೆಣ್ಣು ಕರಡಿಯೊಂದು ಕಾಡಿನ ಹಾದಿಯಲ್ಲಿ ಓಡುತ್ತಿದ್ದ ಯುವಕನನ್ನು ಕೊಂದಿತು. ಅದನ್ನು ಕೊಲ್ಲಬೇಕೆಂಬ ಪ್ರಾಂತ್ಯದ ಆದೇಶ ನ್ಯಾಯಾಲಯದ ಮೆಟ್ಟಿಲೇರಿತು. ಕರಡಿ ಬೇಕೆಂದವರು ಒಂದು ಕಡೆ, ಅದರೊಂದಿಗೆ ಬದುಕಬೇಕಾದವರು ಇನ್ನೊಂದು ಕಡೆ.

ಕಾನೂನು ಈ ಪ್ರಶ್ನೆಗೆ ಅರೆ ಉತ್ತರವನ್ನಷ್ಟೇ ಕೊಟ್ಟಿದೆ. ಜೀವಿಗಳ ಮೇಲಿನ ದಯೆಯನ್ನು ಸಂವಿಧಾನದ 51ಎ(ಜಿ) ವಿಧಿ ನಾಗರಿಕರ ಕರ್ತವ್ಯವೆನ್ನುತ್ತದೆ. ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಪ್ರಾಣಿಗಳ ಘನತೆಯ ಬಗ್ಗೆ ವಿಶಾಲವಾಗಿ ಮಾತಾಡಿತು. 2023ರಲ್ಲಿ ಸಂವಿಧಾನ ಪೀಠ ಪ್ರಾಣಿಗಳಿಗೆ ಮೂಲಭೂತ ಹಕ್ಕಿದೆ ಎನ್ನಲು ಪೂರ್ವನಿದರ್ಶನವಿಲ್ಲವೆಂದಿತು. ಹಕ್ಕಿನ ಭಾಷೆ ಆನೆಗೆ ಒಗ್ಗುವುದೋ ಇಲ್ಲವೋ, ಹೊಣೆಯ ಭಾಷೆ ಮನುಷ್ಯನಿಗೆ ಒಗ್ಗಲೇಬೇಕು.

ಹೈಕೋರ್ಟ್ ನಿರ್ದೇಶನದಂತೆ ರಚನೆಯಾಗಿ, ಆನೆತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ ರಾಜ್ಯದ ಆನೆ ನೆಲೆಗಳನ್ನು ಮೂರು ವಲಯಗಳಾಗಿ ನೋಡಿತು: ಆನೆಗೇ ಆದ್ಯತೆಯ ಸಂರಕ್ಷಣಾ ವಲಯ, ಸಹಬಾಳ್ವೆಯ ವಲಯ, ಆನೆಯನ್ನು ತೆರವುಗೊಳಿಸಬೇಕಾದ ವಲಯ. ಆಲೂರು ಪ್ರದೇಶ ಮೂರನೆಯದರಲ್ಲಿ ಬಂತು. ಅಲ್ಲಿ ಜನರ ಸಂಕಟವೂ ಆನೆಯ ಸಂಕಟವೂ ಸಹಿಸಲಾಗದ ಮಟ್ಟ ಮುಟ್ಟಿವೆ ಎಂಬುದು ಕಾರಣ. 2014ರ ಸುಮಾರಿಗೆ ಆಲೂರು–ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ನೆಲೆ ಖಾಲಿಯಾಗಲಿಲ್ಲ, ಬೇರೆ ಆನೆಗಳು ಬಂದವು, ಇದ್ದವು ಮರಿ ಹಾಕಿದವು. ವಲಯ ಗುರುತಿಸುವುದು ಪ್ರಾಮಾಣಿಕ ಪ್ರಯತ್ನ. ಎಲ್ಲೆಡೆ ಸಹಬಾಳ್ವೆ ಎಂದು ಸಾರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಹಿಡಿದ ಆನೆಗೆ ಏನಾಗುತ್ತದೆಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ದೂರದ ಕಾಡಿಗೆ ಬಿಟ್ಟರೆ ಅದು ಅಲ್ಲಿನ ಊರಿಗೆ ನಡೆಯಬಹುದು, ಇಲ್ಲವೇ ಮರಳಬಹುದು. ಕ್ರಾಲ್ ಎಂಬ ಮರದ ದೊಡ್ಡಿಗೆ ಹಾಕಿ ಪಳಗಿಸಿದರೆ ಕಾಡುಬಾಳು ಮುಗಿಯಿತು. ತಾಯಿಯಾಳ್ವಿಕೆಯ ಹಿಂಡಿನಲ್ಲಿ ಬೆಳೆದ, 22 ತಿಂಗಳು ಗರ್ಭದಲ್ಲಿ ಹೊತ್ತು ಹಡೆಯುವ ಜೀವಿಯನ್ನು ಒಂಟಿಯಾಗಿ ಕಿತ್ತು ತರುವುದು ಸಣ್ಣ ಹಿಂಸೆಯಲ್ಲ.

ಆ ಹಿಂಸೆಯಲ್ಲಿ ಸಾಕಾನೆಯೂ ಪಾಲುಗೊಳ್ಳಬೇಕಾಗುತ್ತದೆ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಸೆರೆ ಕಾರ್ಯಾಚರಣೆಯ ನಡುವೆ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಅವನೂ ಒಂದು ಕಾಲಕ್ಕೆ ಕಾಡಿನಿಂದ ಹಿಡಿದು ತಂದವನೇ. ಚಾಮುಂಡೇಶ್ವರಿಯನ್ನು ಹೊತ್ತವನಿಗೆ ನಾಡು ಮರುಗಿತು, ಸಮಾಧಿ ಕಟ್ಟಿತು. ಅವನೆದುರು ನಿಂತ ಕಾಡಾನೆ ಹೊಣೆಗಾರನೇ? ಮದವೇರಿದ ಸಲಗ ತನ್ನ ನೆಲೆಗೆ ಬಂದ ಇನ್ನೊಂದು ಸಲಗವನ್ನು ಎದುರಿಸಿತು, ಅಷ್ಟೇ. ಜೈನ ಆಗಮವಾದ ಜ್ಞಾತಾಧರ್ಮಕಥೆಯಲ್ಲಿ ಮೇರುಪ್ರಭನೆಂಬ ಆನೆ ಕಾಳ್ಗಿಚ್ಚಿನ ನಡುವೆ, ತುರಿಸಲೆಂದು ಎತ್ತಿದ ಕಾಲಿನ ಜಾಗಕ್ಕೆ ಮೊಲವೊಂದು ನುಸುಳಿದ್ದು ಕಂಡು ಎರಡೂವರೆ ದಿನ ಕಾಲನ್ನು ಇಳಿಸದೆ ನಿಂತು, ಕೊನೆಗೆ ಕುಸಿದು ಪ್ರಾಣ ಬಿಟ್ಟು, ರಾಜಕುಮಾರ ಮೇಘಕುಮಾರನಾಗಿ ಹುಟ್ಟುತ್ತದೆ. ಆನೆಗೂ ಧರ್ಮ ಸಾಧ್ಯವೆಂದು ನಂಬುವ ಕಥೆ ಅದು. ಅದನ್ನು ಒಪ್ಪಿದರೂ ಬಿಕ್ಕೋಡಿನ ಸಲಗವನ್ನು ಅಪರಾಧಿಯೆಂದು ಕರೆಯುವಂತಿಲ್ಲ. ತನ್ನ ನೆಲವನ್ನು ತೋಟ, ಗದ್ದೆ, ಊರೆಂದು ಹಂಚಿಕೊಂಡ ಒಪ್ಪಂದದಲ್ಲಿ ಅದು ಪಾಲುದಾರನಾಗಿರಲಿಲ್ಲ.

ಸೆರೆಗಿಂತ ಕಡಿಮೆ ಹಿಂಸೆಯ ದಾರಿಗಳು ಈಗ ಜಿಲ್ಲೆಯಲ್ಲಿ ಬಳಕೆಯಲ್ಲಿವೆ. ವರದಿ ಕೊಟ್ಟ ಹಿಂದಿನ ಕಾರ್ಯಪಡೆಯಿಂದ ಬೇರೆಯಾಗಿ 2022ರ ಕೊನೆಯಲ್ಲಿ ಸರ್ಕಾರ ರಚಿಸಿದ ಆನೆ ಕಾರ್ಯಪಡೆಯ ಸಿಬ್ಬಂದಿ ಹಿಂಡುಗಳ ಬೆನ್ನುಹತ್ತಿ ಸುತ್ತಾಡುತ್ತಾರೆ. ಹಿಂಡಿನ ಹೆಣ್ಣಾನೆಗೆ ರೇಡಿಯೊ ಕಾಲರ್ ತೊಡಿಸಿ ಜಾಡು ನೋಡಲಾಗುತ್ತದೆ. ನೇಚರ್ ಕನ್ಸರ್ವೇಷನ್ ಫೌಂಡೇಷನ್ ವಾಲ್ಪಾರೈನಲ್ಲಿ ರೂಪಿಸಿ ಅರಣ್ಯ ಇಲಾಖೆಯೊಂದಿಗೆ ಹಾಸನಕ್ಕೆ ತಂದ ವ್ಯವಸ್ಥೆಯಲ್ಲಿ ಆನೆ ಇರುವ ಜಾಗದ ಸುದ್ದಿ ಮೊಬೈಲ್ ಸಂದೇಶವಾಗಿ, ರಸ್ತೆಬದಿಯ ಫಲಕವಾಗಿ ಜನರನ್ನು ತಲುಪುತ್ತದೆ. ಇದರಿಂದ ಬೆಳೆ ಉಳಿಯದು; ಉಳಿಯುವುದು ಬೆಳಿಗ್ಗೆ ತೋಟಕ್ಕೆ ಹೊರಟವರ ಜೀವ. ಸತ್ತವರಲ್ಲಿ ಹೆಚ್ಚಿನವರು ಆನೆಯನ್ನು ಕೆಣಕಿದವರಲ್ಲ, ಅದು ಅಲ್ಲಿದೆಯೆಂದು ತಿಳಿಯದೆ ಎದುರಾದವರು. ರೈಲುಹಳಿಗಳಿಂದ ಕಟ್ಟುವ ತಡೆಬೇಲಿಗಳ ವಿಷಯ ಬೇರೆ. ಅವು ಒಂದು ಊರನ್ನು ಕಾಯುತ್ತ ಹಿಂಡನ್ನು ಪಕ್ಕದ ಊರಿಗೆ ತಳ್ಳುತ್ತವೆ. ಬೇಲಿಯ ಆಚೆಗೆ ಬಿದ್ದವರನ್ನು ಕೇಳದೆ ಹಾಕಿದ ಬೇಲಿ ಕಾರಿತ ಹಿಂಸೆಯ ಲೆಕ್ಕಕ್ಕೇ ಸೇರುತ್ತದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ನಡುವೆ ಓಡಾಡುವ, ಬೀಟಮ್ಮನ ಹಿಂಡೆಂದು ಹೆಸರಾದ ಆನೆಗಳಿಗೆ ಜಿಲ್ಲೆಯ ಗಡಿ ಗೊತ್ತಿಲ್ಲದಿರುವುದರಿಂದ, ಬೇಲಿಯ ಯೋಜನೆಯನ್ನು ತಾಲ್ಲೂಕುವಾರು ಮಾಡದೆ ಹಿಂಡು ನಡೆಯುವ ಇಡೀ ದಾರಿಗೆ ಒಟ್ಟಾಗಿ ಮಾಡಬೇಕಾಗುತ್ತದೆ.